ಸರದಿಯ ಬಿಲ್ಲೆ

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು ದಿನಸಿ ತರಲು ಹೋಗುತ್ತೇನೆ. ಎಂಟೂಕಾಲಕ್ಕೆ ಹೋದರೆ ಏನಾಗುತ್ತದೆ ಎಂದು ಕೇಳಬೇಡಿ, ಹೋಗಿ ನೋಡಿಲ್ಲ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ನಮ್ಮ ಟ್ರಾಮ್ ನಿಲ್ದಾಣದ ಪಕ್ಕದ ಅಂಗಡಿಯೆದುರು ಸಾಮಾನು ತುಂಬಿಕೊಳ್ಳುವ ತಳ್ಳುಗಾಡಿಗಳು ಒಂದರ ಬೆನ್ನಿಗೆ ಒಂದು ಸರಪಳಿ ಹಾಕಿಕೊಂಡು ನಿಂತಿರುತ್ತವೆ. ಹಿಡಿಕೆಯ ಸೀಳಿಗೆ ಒಂದು ಯೂರೋ ನಾಣ್ಯ ತೂರಿಸಿದರೆ ಸರಪಳಿ ಕಳಚುತ್ತದೆ. ಕೆಲಸ ಮುಗಿದ ಮೇಲೆ ಗಾಡಿಯನ್ನು ತಂದು ಅದರ ಜಾಗದಲ್ಲೇ ನಿಲ್ಲಿಸಿದರೆ ನಾಣ್ಯ ವಾಪಸು. ಇಷ್ಟು ಚೆಂದದ ಶಿಸ್ತನ್ನು ಕಂಡುಹಿಡಿದವರು ಯಾರೋ, ಅವರ ಬಗ್ಗೆ ನನಗೆ ಗೌರವವಿದೆ.

ನಾನು ಮಾತ್ರ ನಾಣ್ಯ ಹಾಕುವುದಿಲ್ಲ. ನನ್ನ ಬೀಗದ ಕೈಗಳ ಗೊಂಚಲಿನಲ್ಲಿ ಅಲ್ಯುಮಿನಿಯಮ್ಮಿನ ಒಂದು ಬಿಲ್ಲೆ ಇದೆ. ಅಂಚು ಸ್ವಲ್ಪ ಸೊಟ್ಟ, ಮೇಲ್ಗಡೆ ಒಂದು ತೂತು, ನಡುವೆ ಮೊಳೆಯಿಂದ ಚುಚ್ಚಿ ಚುಚ್ಚಿ ಮೂಡಿಸಿದ ಇಪ್ಪತ್ತಮೂರು ಎಂಬ ಅಂಕಿ. ಯೂರೋ ನಾಣ್ಯಕ್ಕಿಂತ ತುಸು ತೆಳುವಾದರೂ ಎರಡು ಸಲ ಅಲುಗಾಡಿಸಿದರೆ ಗಾಡಿ ಅದನ್ನು ಒಪ್ಪಿಕೊಳ್ಳುತ್ತದೆ. ಮೊನ್ನೆ ಹೀಗೆ ಅಲುಗಾಡಿಸುತ್ತಿದ್ದಾಗ ಹಿಂದೆ ನಿಂತಿದ್ದವನು ನಮ್ಮ ಮೇಲಿನ ಮಹಡಿಯ ಇಮ್ತಿಯಾಜ್. ಹುಬ್ಬಳ್ಳಿಯವನು, ಇಲ್ಲೊಂದು ಐಟಿ ಕಂಪನಿಯಲ್ಲಿದ್ದಾನೆ. ಜೊತೆಯಲ್ಲಿ ಏಳು ವರ್ಷದ ಮಗಳು ಝೋಯಾ.

"ಆಂಟಿ, ಇದೇನ್ರಿ, ಮ್ಯಾಲೆ ನಂಬರ್ ಹೊಡದಾರ?"

"ಸರದಿ ಬಿಲ್ಲೆ."

"ಯಾವ ಆಫೀಸಿಂದ್ರಿ? ಬ್ಯುರ್ಗರ್‌ಆಮ್ಟ್‌ನಾಗ ಚೀಟಿ ಕೊಡ್ತಾರ, ಅದೂ ಈಗ ಆನ್‌ಲೈನ್ ಅಪಾಯಿಂಟ್ಮೆಂಟ್ ಇಲ್ಲಾಂದ್ರ ಒಳಗ ಬಿಡೂದಿಲ್ಲ."

"ಇದು ಟಾಂಜಾನಿಯಾದ್ದು. ನಾನೇ ಮಾಡಿಸಿದ್ದು. ಅರವತ್ತು ಇದ್ವು, ಇದೊಂದು ಉಳದೈತಿ."

ಇಮ್ತಿಯಾಜ್ ಗಾಡಿಯ ಮೇಲೆ ಮೊಣಕೈ ಊರಿ ನಕ್ಕ. "ಟಾಂಜಾನಿಯಾದಾಗೂ ಹೋಗಿ ಜನಾನ ಲೈನಿಗೆ ನಿಂದ್ರಿಸಿ ಬಂದೀರಿ ಅನ್ರಿ. ನೀವು ಜರ್ಮನರಿಗಿಂತ ಜರ್ಮನ್ ಇದ್ದೀರಿ ಬಿಡ್ರಿ ಆಂಟಿ."

ಝೋಯಾ ಬಿಲ್ಲೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಜರ್ಮನ್‌ನಲ್ಲಿ, ಅವರು ಲೈನಿನಲ್ಲಿ ನಿಂತರೇ ಎಂದು ಕೇಳಿದಳು. ನಿಂತರು ಎಂದೆ. ಆಮೇಲೆ ಹಾಲಿನ ಕಪಾಟಿನ ಕಡೆ ಹೋದೆ. ಮಗುವಿಗೆ ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ. ಉಳಿದರ್ಧ ಹೇಳಲು ಹಾಲಿನ ಕಪಾಟಿನ ಎದುರು ತಕ್ಕ ಜಾಗವಲ್ಲ. ನಿಮಗೆ ಪುರುಸೊತ್ತಿದ್ದರೆ ಇಲ್ಲಿ ಹೇಳುತ್ತೇನೆ.

ನಾನು ನರ್ಸಿಂಗ್ ಕಲಿತದ್ದು ಧಾರವಾಡದ ಕಡೆಯ ಒಂದು ಮಿಶನ್ ಆಸ್ಪತ್ರೆಯಲ್ಲಿ. ಬೆಳಿಗ್ಗೆ ಐದಕ್ಕೆ ಗಂಟೆ, ಐದೂವರೆಗೆ ಪ್ರಾರ್ಥನೆ, ಆರಕ್ಕೆ ವಾರ್ಡು. ಮಂಚದ ಗಾಲಿಗಳು ಒಳಮುಖವಾಗಿ ತಿರುಗಿರಬೇಕು. ದಿಂಬಿನ ಚೀಲದ ಬಾಯಿ ಬಾಗಿಲಿಗೆ ಬೆನ್ನು ಮಾಡಿರಬೇಕು. ಮೇಟ್ರನ್ ಬಾಯಿಯವರು ಬಾಗಿಲಲ್ಲಿ ನಿಂತು ಒಂದು ಸಲ ನೋಡಿದರೆ ಇಪ್ಪತ್ತು ದಿಂಬುಗಳಲ್ಲಿ ತಪ್ಪಿದ ಒಂದು ಅವರಿಗೆ ಕಾಣುತ್ತಿತ್ತು. ಹಾಗೆ ಯಾಕೆ ಇಡಬೇಕು ಎಂದು ನಮ್ಮ ಬ್ಯಾಚಿನ ಒಬ್ಬ ಹುಡುಗಿ ಕೇಳಿದ್ದಳು.

"ಬಾಗಲದಾಗ ಬಂದವರಿಗೆ ದಿಂಬಿನ ಬಾಯಿ ಕಾಣಬಾರದು."

"ಕಂಡ್ರ ಏನಾಗ್ತೈತ್ರಿ ಬಾಯಾರ?"

"ನಿನ್ನ ಆಯ್ತಾರದ ರಜಾ ಹೋಗ್ತೈತಿ."

ಆ ಹುಡುಗಿ ನಾನಲ್ಲ. ನಾನು ಯಾವತ್ತೂ ಯಾಕೆ ಎಂದು ಕೇಳಿದವಳಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೂ ಒಂದಿತ್ತು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಜರ್ಮನಿಗೆ ಬಂದಾಗ ಇಲ್ಲಿಯ ಆಸ್ಪತ್ರೆಯಲ್ಲಿ ನನಗೆ ಭಾಷೆ ಬರುತ್ತಿರಲಿಲ್ಲ, ಚಳಿ ತಡೆಯುತ್ತಿರಲಿಲ್ಲ, ಆದರೆ ಹಾಸಿಗೆಯ ಮೂಲೆ ಮಡಿಸಲು ಬರುತ್ತಿತ್ತು. ಹೊಸಬರನ್ನು ಕರೆದುಕೊಂಡು ಬಂದು ನಾನು ಮಡಿಸಿದ ಮೂಲೆಯನ್ನು ತೋರಿಸುತ್ತಿದ್ದರು. ಮೂಲೆಯ ಬಲದಿಂದಲೇ ಮೂವತ್ತೈದು ವರ್ಷ ನಡೆಯಿತು ಎಂದರೂ ತಪ್ಪಿಲ್ಲ. ಈಗ ನನ್ನ ಮಲಗುವ ಕೋಣೆಗೆ ಹೊರಗಿನವರು ಯಾರೂ ಬರುವುದಿಲ್ಲ, ಆದರೂ ದಿಂಬಿನ ಬಾಯಿ ಬಾಗಿಲಿಗೆ ಬೆನ್ನು ಮಾಡಿಯೇ ಇದೆ.

ನಿವೃತ್ತಿಯಾದ ವರ್ಷವೇ ಒಂದು ಸೇವಾ ಸಂಸ್ಥೆಯವರು ಟಾಂಜಾನಿಯಾದ ದಕ್ಷಿಣದ ಗುಡ್ಡಗಾಡಿನ ಒಂದು ಸಣ್ಣ ಆಸ್ಪತ್ರೆಗೆ ಎರಡು ವರ್ಷದ ಮಟ್ಟಿಗೆ ನನ್ನನ್ನು ಕಳಿಸಿದರು. ಆರು ಮಂಚದ ಆಸ್ಪತ್ರೆ. ದಿಂಬುಗಳೇ ಇರಲಿಲ್ಲ, ಹಾಗಾಗಿ ಮೊದಲ ವಾರ ಸ್ವಲ್ಪ ತಬ್ಬಿಬ್ಬಾದೆ. ನನಗೆ ಒಪ್ಪಿಸಿದ ಕೆಲಸವೆಂದರೆ ತಿಂಗಳಿಗೊಮ್ಮೆ ಜೀಪಿನಲ್ಲಿ ಒಂದು ಗಂಟೆ ದೂರದ ಹಳ್ಳಿಗೆ ಹೋಗಿ, ಅಲ್ಲಿಯ ಮಾವಿನ ಮರದ ಕೆಳಗೆ ಮಕ್ಕಳ ತೂಕ ನೋಡಿ, ಚುಚ್ಚುಮದ್ದು ಹಾಕಿ ಬರುವುದು. ಮರದ ಕೊಂಬೆಗೆ ಗಡಿಯಾರದಂಥ ಮುಖದ ತಕ್ಕಡಿ ಕಟ್ಟುತ್ತಿದ್ದೆವು. ಅದರ ಕೊಕ್ಕೆಗೆ ಕಾಲು ತೂರಿಸುವ ಬಟ್ಟೆಯ ಚಡ್ಡಿ. ಅದರಲ್ಲಿ ಕೂರಿಸಿದ ಮಗು ನೇತಾಡುತ್ತಾ ಮೊದಲು ಅವಾಕ್ಕಾಗಿ, ಆಮೇಲೆ ಅಳುತ್ತಿತ್ತು. ತೂಕ ನೋಡಬೇಕಾದ್ದು ಆ ನಡುವಿನ ಎರಡು ಕ್ಷಣದಲ್ಲಿ.

ಆ ಹಳ್ಳಿಯಲ್ಲಿ ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಎಲಿಯಾ ಎಂಬ ಅರವತ್ತೈದರ ರೈತ. ಊರವರೇ ಆರಿಸಿದ ಆರೋಗ್ಯ ಕಾರ್ಯಕರ್ತ. ಎಲ್ಲರೂ ಅವರನ್ನು ಮ್ಜೇ ಎನ್ನುತ್ತಿದ್ದರು, ನಾವು ಅಜ್ಜಾರ ಎಂದ ಹಾಗೆ. ಬಿಸಿಲಿರಲಿ ಮೋಡವಿರಲಿ ಕಂಕುಳಲ್ಲಿ ಕೊಡೆ, ಕೈಯಲ್ಲಿ ಗುಂಡು ಗುಂಡಾದ ಅಕ್ಷರದಲ್ಲಿ ಮಕ್ಕಳ ಹೆಸರು ಬರೆದ ದಪ್ಪ ಪುಸ್ತಕ. ಅವರು ಆಡುತ್ತಿದ್ದುದು ಸ್ವಾಹಿಲಿ. ಫ್ರಾಂಕ್‌ಫರ್ಟ್‌ನ ಸಂಜೆಯ ತರಗತಿಯಲ್ಲಿ ಕಲಿತಷ್ಟರಿಂದ ನಾನು ಅದನ್ನು ತಿಳಿದುಕೊಂಡು, ಒಳಗೊಳಗೆ ಧಾರವಾಡದ ಮಾತು ಮಾಡಿ ಇಟ್ಟುಕೊಂಡಿದ್ದೇನೆ. ಹಾಗಾಗಿ ನನ್ನ ನೆನಪಿನಲ್ಲಿ ಮ್ಜೇ ಎಲಿಯಾ ನಮ್ಮ ಕಡೆಯವರ ಹಾಗೆಯೇ ಮಾತಾಡುತ್ತಾರೆ. ಅವರಿಗೆ ಇದು ಗೊತ್ತಿಲ್ಲ.

ಮೊದಲ ಸಲ ಹೋದ ದಿನ ಮರದ ಕೆಳಗೆ ಐವತ್ತು ತಾಯಂದಿರು ಬಣ್ಣಬಣ್ಣದ ವಸ್ತ್ರ ಹೊದ್ದು ಕೂತಿದ್ದರು. ಕೂತಿದ್ದರು ಎಂದೆನಲ್ಲ, ಸಾಲಿನಲ್ಲಿ ಅಲ್ಲ. ಮದುವೆ ಮನೆಯ ಹಿತ್ತಲಲ್ಲಿ ಕೂತ ಹಾಗೆ. ಅಲ್ಲಿಯ ರಿವಾಜಿನ ಪ್ರಕಾರ ಎದುರಾದವರಿಗೆ ನಮಸ್ಕಾರ ಹೇಳಿ ಸುಮ್ಮನಾಗುವಂತಿಲ್ಲ. ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ಹೊಲ ಹೇಗಿದೆ, ರಾತ್ರಿ ನಿದ್ದೆ ಹೇಗಿತ್ತು, ಎಲ್ಲ ವಿಚಾರಿಸಬೇಕು. ಒಬ್ಬರಿಗೆ ಎರಡು ನಿಮಿಷ ಹಿಡಿದರೂ ಐವತ್ತು ಜನಕ್ಕೆ ನೂರು ನಿಮಿಷ. ಮದ್ದಿನ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಕರಗುತ್ತಿರುತ್ತದೆ. ನಾನು ಹುಟ್ಟಿದ ಊರಿನಲ್ಲಿ ಬಾಗಿಲಿಗೆ ಬಂದವರಿಗೆ ಬೆಲ್ಲ ನೀರು ಕೊಡದೆ ಬಂದ ಕೆಲಸ ಕೇಳುವುದಿಲ್ಲ. ಅದು ನನಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಮೇಟ್ರನ್ ಬಾಯಿಯವರು ನೆನಪಾದರು.

ಎಲಿಯಾ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದರು. ಹಿಂದೆ ಕೂತವಳು ಮುಂದೆ ಬರುತ್ತಿದ್ದಳು, ಮೊದಲಿಂದಲೂ ಕೂತವಳು ಕೂತೇ ಇರುತ್ತಿದ್ದಳು.

"ಇವರು ಯಾವ ಕ್ರಮದಾಗ ಬರ್ತಾರ್ರಿ?" ಎಂದು ಕೇಳಿದೆ.

"ಬರಬೇಕಾದ ಕ್ರಮದಾಗ, ಸಿಸ್ತಾ," ಎಂದರು. ನರ್ಸುಗಳಿಗೆಲ್ಲ ಅಲ್ಲಿ ಸಿಸ್ತಾ ಎನ್ನುತ್ತಾರೆ.

ಕ್ರಮವೇ ಇಲ್ಲ ಎಂಬುದನ್ನು ಈ ಮನುಷ್ಯ ಎಷ್ಟು ಮರ್ಯಾದೆಯಿಂದ ಹೇಳಿದ ಎಂದುಕೊಂಡೆ. ಮುಂದೆ ಕೇಳಲಿಲ್ಲ. ಯಾಕೆ ಎಂದು ಕೇಳುವ ಅಭ್ಯಾಸ ಇರಲಿಲ್ಲ ಎಂದು ಆಗಲೇ ಹೇಳಿದೆನಲ್ಲ.

ಮರುವಾರ ಆಸ್ಪತ್ರೆಯ ಎದುರಿನ ಸೈಕಲ್ ರಿಪೇರಿಯವನಿಗೆ ಹೇಳಿ ಹಳೆಯ ಲಾರಿಯ ತಗಡಿನಿಂದ ಅರವತ್ತು ಬಿಲ್ಲೆ ಮಾಡಿಸಿದೆ. ಮೊದಲು ಬಂದವರಿಗೆ ಒಂದನೆಯ ಬಿಲ್ಲೆ, ಆಮೇಲೆ ಎರಡು, ಮೂರು. ಬಿಲ್ಲೆಯ ಜೊತೆಗೆ ಪುಸ್ತಕವನ್ನೂ ಸರಿಮಾಡಿದೆ. ಎಲಿಯಾರ ಪುಸ್ತಕದಲ್ಲಿ ಸುತ್ತಲ ಗುಡ್ಡಗಳಲ್ಲಿ ಚದುರಿದ ಒಂದೊಂದು ಕೇರಿಗೆ ಒಂದೊಂದು ಹಾಳೆ. ಒಂದು ಮಗುವನ್ನು ಹುಡುಕಲು ಹತ್ತು ಹಾಳೆ ಮಗುಚಬೇಕು. ನಾನು ಹೊಸ ಪುಸ್ತಕ ತಂದು ಗೆರೆ ಎಳೆದೆ: ಬಿಲ್ಲೆಯ ಸಂಖ್ಯೆ, ಹೆಸರು, ತೂಕ, ಯಾವ ಚುಚ್ಚುಮದ್ದು. ಕೇರಿಯ ಹೆಸರಿಗೆ ಜಾಗ ಸಾಲಲಿಲ್ಲ, ಬಿಟ್ಟೆ. ಎಲಿಯಾ ಗೆರೆಗಳ ಮೇಲೆ ಬೆರಳಾಡಿಸಿ, ಬಹಳ ನೆಟ್ಟಗೆ ಇವೆ ಎಂದರು. ಹಳೆಯ ಪುಸ್ತಕವನ್ನು ಮನೆಗೆ ಒಯ್ದರು.

ಬಿಲ್ಲೆ ಬಂದ ಮೇಲೆ ಕೆಲಸ ಒಂದೂವರೆ ಗಂಟೆ ಬೇಗ ಮುಗಿಯತೊಡಗಿತು. ಸಂತೋಷವಾಗಿದ್ದೆ. ಆ ಸಂತೋಷವನ್ನು ಜರ್ಮನಿಗೆ ಕಾಗದ ಬರೆದೂ ತಿಳಿಸಿದೆ.

ಇನ್ನು ದಡಾರದ ಮದ್ದಿನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು ಸೀಸೆಯಲ್ಲಿ ಪುಡಿ ಇರುತ್ತದೆ, ಹತ್ತು ಮಕ್ಕಳಿಗೆ ಆಗುವಷ್ಟು. ನೀರು ಬೆರೆಸಿದ ಮೇಲೆ ಆರು ಗಂಟೆ ಬಾಳುತ್ತದೆ. ಉಳಿದದ್ದನ್ನು ಚೆಲ್ಲಬೇಕು. ತಿಂಗಳಿಗೆ ನಮಗೆ ಸಿಗುತ್ತಿದ್ದುದು ಎಣಿಸಿದಷ್ಟು ಸೀಸೆ. ಹಾಗಾಗಿ ಕನಿಷ್ಠ ಐದು ಮಕ್ಕಳು ಇಲ್ಲದೆ ಹೊಸ ಸೀಸೆ ಒಡೆಯಬಾರದು ಎಂದು ನಾನು ನಿಯಮ ಮಾಡಿದ್ದೆ. ನಿಯಮ ಕೆಟ್ಟದ್ದೇನಲ್ಲ. ಈಗಲೂ ಅದನ್ನು ಬೇರೆಯವರ ಮುಂದೆ ಸಮರ್ಥಿಸಬಲ್ಲೆ.

ಬಿಲ್ಲೆಯ ಎರಡನೆಯ ತಿಂಗಳು ನೇಮಾ ಎಂಬವಳು ಬಂದಳು. ತೆಳ್ಳಗಿನ, ಹೆಚ್ಚು ಮಾತಿಲ್ಲದ ಹೆಂಗಸು. ಬೆನ್ನಿಗೆ ಕಟ್ಟಿಕೊಂಡ ಮಗಳು ಸಿಫಾಗೆ ಹತ್ತು ತಿಂಗಳು. ಗುಡ್ಡದ ಆಚೆಯ ಕೇರಿಯಿಂದ ಮೂರು ಗಂಟೆ ನಡೆದು ಬಂದಿದ್ದಳು. ಅವಳಿಗೆ ಸಿಕ್ಕ ಬಿಲ್ಲೆ ನಲವತ್ತೊಂದು. ಅವಳ ಸರದಿ ಬರುವ ಹೊತ್ತಿಗೆ ದಡಾರದ ಮದ್ದು ಮುಗಿದಿತ್ತು. ಸಿಫಾಳನ್ನು ತೂಗಿ, ತೂಕ ಬರೆದು, ಮದ್ದಿನ ಕಾಲಮ್ಮು ಖಾಲಿ ಬಿಟ್ಟೆ.

"ಮುಂದಿನ ತಿಂಗಳು ಬಾ."

ಮುಂದಿನ ತಿಂಗಳು ಬಂದಳು. ಆ ಸಲ ಹೊಳೆಯಲ್ಲಿ ನೀರು ಏರಿತ್ತಂತೆ, ಇಳಿಯುವವರೆಗೆ ಕಾದು ದಾಟಿದ್ದಳು. ಕೊನೆಯ ಬಿಲ್ಲೆ ಅವಳದ್ದೇ. ತೆರೆದ ಸೀಸೆ ಆಗಷ್ಟೇ ಖಾಲಿಯಾಗಿತ್ತು. ಪೆಟ್ಟಿಗೆಯಲ್ಲಿ ಒಡೆಯದ ಒಂದು ಸೀಸೆ ಇತ್ತು. ಅದು ಅವಳಿಗೂ ಕಾಣುತ್ತಿತ್ತು.

"ಸಿಸ್ತಾ, ಒಂದು ಉಳದೈತಿ," ಎಂದರು ಎಲಿಯಾ.

"ಒಂದು ಮಗುವಿಗೆ ಹತ್ತು ಮಕ್ಕಳ ಮದ್ದು ಒಡೀಲೇನ್ರಿ? ಒಂಬತ್ತು ಚೆಲ್ಲಬೇಕಾಗ್ತೈತಿ."

"ಚೆಲ್ಲಿದ್ರ ಒಂಬತ್ತು ಹೋಗ್ತಾವ. ಚೆಲ್ಲದಿದ್ರ ಒಂದು ಹೋಗ್ತೈತಿ."

"ನಿಯಮ ಎಲ್ಲಾರಿಗೂ ಒಂದೇ. ಮುಂದಿನ ತಿಂಗಳು ಬಾ ಅಂತ ಹೇಳ್ರಿ."

ಅವರು ಹೇಳುವ ಅಗತ್ಯವಿರಲಿಲ್ಲ, ನೇಮಾಗೆ ಅರ್ಥವಾಗಿತ್ತು. ಮಗುವಿನ ಕಾರ್ಡನ್ನು ಹೊದಿಕೆಯ ಅಂಚಿನಲ್ಲಿ ಗಂಟು ಹಾಕಿದಳು, ಮರದ ಬೇರಿನ ಮೇಲೆ ಕೂತು ಹಾಲು ಕುಡಿಸಿದಳು, ಎದ್ದು ಬಂದ ದಾರಿಯಲ್ಲಿ ಹೋದಳು. ನಾನು ಪೆಟ್ಟಿಗೆಯನ್ನು ಜೀಪಿಗೆ ಏರಿಸಿದೆ. ಸಮಯ ಒಂದು ಗಂಟೆ ಐದು ನಿಮಿಷ. ಐದು ನಿಮಿಷ ತಡವಾದದ್ದಕ್ಕೆ ಬೇಸರವಾಗಿತ್ತು ಎಂಬುದು ಚೆನ್ನಾಗಿ ನೆನಪಿದೆ.

ಮೂರನೆಯ ತಿಂಗಳು ಅವಳು ಬರಲಿಲ್ಲ. ಮಳೆ, ಹೊಲ, ಏನೋ ಇರಬಹುದು ಎಂದುಕೊಂಡೆ. ಸಿಫಾಳ ಹೆಸರಿನ ಮುಂದೆ ಖಾಲಿ ಕಾಲಮ್ಮು ಹಾಗೆಯೇ ಇತ್ತು. ಖಾಲಿ ಕಾಲಮ್ಮು ನನಗೆ ಸಹಿಸುವುದಿಲ್ಲ. ಅವಳ ಬಗ್ಗೆ ಯೋಚಿಸಿದ್ದು ಮೊದಲು ಈ ಕಾರಣಕ್ಕೇ ಎಂದು ಒಪ್ಪಿಕೊಳ್ಳಬೇಕು.

ಅದಾಗಿ ಒಂದು ವಾರಕ್ಕೆ ಎಲಿಯಾರ ಫೋನು ಬಂತು. ಅವರ ಹಳ್ಳಿಯಲ್ಲಿ ಸಿಗ್ನಲ್ ಸಿಗುತ್ತಿದ್ದುದು ಚರ್ಚಿನ ಹಿಂದಿನ ಹುತ್ತದ ಮೇಲೆ ನಿಂತರೆ ಮಾತ್ರ. ಹಾಗಾಗಿ ಅವರು ಫೋನಿನಲ್ಲಿ ಮಾತ್ರ ಕ್ಷೇಮಸಮಾಚಾರ ಕೇಳುತ್ತಿರಲಿಲ್ಲ, ಕಾಲು ಜಾರುತ್ತಿತ್ತು.

"ಸಿಸ್ತಾ, ಗುಡ್ಡದ ಆಚೆ, ನೇಮಾನ ಕೇರಿಯ ಮುಂದಿನ ಕಣಿವ್ಯಾಗ ದಡಾರ ಬಂದೈತಿ. ಮೂರು ಮಕ್ಕಳಿಗೆ. ಒಂದನ್ನ ನಿನ್ನೆ ಮಣ್ಣು ಮಾಡ್ಯಾರ."

ದಡಾರ ನನಗೆ ಪುಸ್ತಕದಿಂದ ಗೊತ್ತಾದ ರೋಗವಲ್ಲ. ನಮ್ಮ ಕಡೆ ಅದನ್ನು ಗೊಬ್ಬರ ಎನ್ನುತ್ತಿದ್ದರು. ನನಗೆ ಐದು ವರ್ಷವಿದ್ದಾಗ ಬಂದಿತ್ತು. ಅಜ್ಜಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮನೆಯಲ್ಲಿ ಒಗ್ಗರಣೆಯ ಸದ್ದು ನಿಲ್ಲಿಸಿದ್ದಳು. ಮೈಯೆಲ್ಲ ಕೆಂಪು ಗುಳ್ಳೆ, ಕಣ್ಣು ಬಿಟ್ಟರೆ ಬೆಳಕು ಚುಚ್ಚುತ್ತಿತ್ತು. ಪಕ್ಕದ ಮನೆಯ ನೀಲವ್ವನಿಗೂ ಅದೇ ವಾರ ಬಂತು. ನಾನು ಎದ್ದು ಸಪ್ಪೆ ಅನ್ನಕ್ಕೆ ತಕರಾರು ಮಾಡುವ ಹೊತ್ತಿಗೆ ನೀಲವ್ವ ಇರಲಿಲ್ಲ. ಅವಳು ಊರಿಗೆ ಹೋಗಿದ್ದಾಳೆ ಎಂದು ಹೇಳಿದ್ದರು. ನಾನು ಯಾವ ಊರು ಎಂದು ಕೇಳಲಿಲ್ಲ.

"ನಾಳೆ ಬರ್ತೇನಿ," ಎಂದೆ. "ಸಿಫಾಗೆ ಹಾಕಿ ಬರೋಣು. ನೇಮಾಗೆ ಹೇಳಿ ಕಳಸ್ರಿ."

"ಎರಡು ಮೂರು ಸೀಸೆ ತಗೊಂಡು ಬರ್ರಿ ಸಿಸ್ತಾ."

"ಒಂದು ಮಗುವಿಗೆ ಎರಡು ಮೂರು ಸೀಸೆ ಯಾಕ? ಒಂದು ಒಡೆಯೋದೇ ನಿಯಮ ಮೀರಿ."

ಆ ಕಡೆ ಮಣ್ಣು ಜಾರಿದ ಸದ್ದಾಯಿತು. ಹುತ್ತದಿಂದ ಕೆಳಗಿಳಿದರೋ ಏನೋ ಎಂದುಕೊಂಡೆ. "ಆತು," ಎಂಬ ಮಾತು ಕೇಳಿ ಲೈನು ಕಡಿಯಿತು.

ಮರುದಿನ ಆರಕ್ಕೆ ಹೊರಟು ಏಳಕ್ಕೆ ಹಳ್ಳಿ ಸೇರಿ, ಅಲ್ಲಿ ಜೀಪು ಬಿಟ್ಟು ಎಲಿಯಾರ ಜೊತೆ ನಡೆಯತೊಡಗಿದೆ. ಪೆಟ್ಟಿಗೆ ಅವರ ಹೆಗಲಲ್ಲಿ, ಕೊಡೆ ನನ್ನ ಕೈಯಲ್ಲಿ. ಮೂರು ಗಂಟೆಯ ದಾರಿ ಎಂದು ನೇಮಾ ಹೇಳಿದ್ದು ಅವಳ ಕಾಲಿನ ಲೆಕ್ಕ. ನನ್ನ ಕಾಲಿಗೆ ನಾಲ್ಕು ಹಿಡಿಯಿತು. ಏರು, ಇಳಿತ, ಮೊಣಕಾಲುದ್ದದ ಹೊಳೆ, ಮತ್ತೆ ಏರು. ಎರಡನೆಯ ಏರಿನಲ್ಲಿ ನಾನು ಕಲ್ಲಿನ ಮೇಲೆ ಕೂತಾಗ ಎಲಿಯಾ ಮರ್ಯಾದೆಗಾಗಿ ತಾವೂ ದಣಿದವರಂತೆ ಕೂತರು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಇದನ್ನು ಹತ್ತಿ ಇಳಿದವಳನ್ನು ಎರಡು ಸಲ ವಾಪಸು ಕಳಿಸಿದ್ದೆ ಎಂಬುದು ಕಾಲಿಗೆ ಮೊದಲು ಗೊತ್ತಾಯಿತು.

ನೇಮಾಳ ಅಂಗಳ ಮುಟ್ಟಿದಾಗ ಹನ್ನೊಂದು. ಅಲ್ಲಿ ಒಂದು ಮಗುವಲ್ಲ, ಮಕ್ಕಳ ಗುಂಪೇ ಇತ್ತು. ಬೆನ್ನಮೇಲೆ, ತೊಡೆಯಮೇಲೆ, ನೆಲದಮೇಲೆ. ಎಣಿಸಿದೆ. ಹದಿನೇಳು.

"ಇವರೆಲ್ಲ ಯಾರ್ರಿ?"

"ಈ ಕೇರಿಯವರು. ಇದರಾಚೆ ಇನ್ನೂ ಮನಿ ಅದಾವ, ಅಲ್ಲಿಯವರು," ಎಂದರು ಎಲಿಯಾ. "ನೀವು ಬರ್ತೀರಿ ಅಂತ ನೇಮಾ ಎಲ್ಲಾರಿಗೂ ಹೇಳ್ಯಾಳ."

"ಇವರು ಯಾರೂ ಕ್ಲಿನಿಕ್ಕಿಗೆ ಬಂದೇ ಇಲ್ಲಲ್ರಿ?"

"ಮೊದಲು ಬರ್ತಿದ್ರು. ಬಿಲ್ಲೆ ಬಂದ ಮ್ಯಾಲೆ ಬಿಟ್ಟಾರ. ಹತ್ತರದವರು ನಸುಕಿಗೆ ಬಂದು ಸಣ್ಣ ನಂಬರು ತಗೋತಾರ. ಇವರು ಬರೂ ಹೊತ್ತಿಗೆ ಮದ್ದು ಇರೂದಿಲ್ಲ. ನೇಮಾ ಒಬ್ಬಾಕಿ ಹಟ ಮಾಡಿ ಬಂದಳು."

"ನನಗ್ಯಾಕ ಹೇಳಲಿಲ್ಲ ನೀವು?"

"ನನ್ನ ಪುಸ್ತಕದಾಗ ಈ ಕೇರಿಗೆ ಒಂದು ಹಾಳಿ ಇತ್ತು. ಹಾಳಿ ಖಾಲಿ ಆದ್ರ ಕಾಣ್ತಿತ್ತು. ನಿಮ್ಮ ಪುಸ್ತಕದಾಗ ಬಂದವರು ಅಷ್ಟೇ ಇರ್ತಾರ."

ಇದನ್ನು ಅವರು ಆಕ್ಷೇಪಣೆಯ ದನಿಯಲ್ಲಿ ಹೇಳಲಿಲ್ಲ. ಪುಸ್ತಕಗಳ ಬಗ್ಗೆ ಒಂದು ಸಾಮಾನ್ಯ ಸಂಗತಿ ಹೇಳಿದಂತೆ ಹೇಳಿದರು. ಅಷ್ಟರಲ್ಲಿ ನೇಮಾ ಒಂದು ಬಟ್ಟಲು ನೀರು ತಂದಳು. "ಪೋಲೆ," ಎಂದಳು. ದೂರದಿಂದ ನಡೆದು ಬಂದವರಿಗೆ ಅಲ್ಲಿ ಹಾಗೆನ್ನುತ್ತಾರೆ. ನಿಮ್ಮ ದಣಿವು ನನಗೂ ತಟ್ಟಿತು ಎಂಬಂಥ ಮಾತು. ಕೂತಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಪೋಲೆ ಎಂದರು. ಡ್ಯೂಟಿಯ ಹೊತ್ತಿನಲ್ಲಿ ನಾನು ಯಾರ ಮನೆಯ ಏನನ್ನೂ ಮುಟ್ಟಿದವಳಲ್ಲ. ಆ ದಿನ ಕುಡಿದೆ.

ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಸೀಸೆ. ಹತ್ತು ಮಕ್ಕಳಿಗೆ ಆಗುವಷ್ಟು. ಅದನ್ನು ಎಲಿಯಾಗೆ ಹೇಳಿದೆ, ಅವರು ಹೆಂಗಸರಿಗೆ ಹೇಳಿದರು. ಪಕ್ಕದ ಕಣಿವೆಯಲ್ಲಿ ಏನಾಗುತ್ತಿದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಜಗಳ ಶುರುವಾಗುತ್ತದೆ, ಆಗಬೇಕಾದದ್ದೇ ಎಂದು ನಾನು ಸುಮ್ಮನೆ ನಿಂತೆ. ಆಗಲಿಲ್ಲ. ಒಂದಿಬ್ಬರು ಕೈಯೆತ್ತಿ ಗುಡ್ಡದ ಬೇರೆ ಬೇರೆ ದಿಕ್ಕು ತೋರಿಸಿ ಎರಡು ಮಾತಾಡಿದರು. ಇನ್ನೊಬ್ಬಳು ತಲೆಯಾಡಿಸಿ ಜಾಗ ಬದಲಿಸಿದಳು. ನೋಡುನೋಡುತ್ತಿದ್ದಂತೆ ಸಾಲು ಆಯಿತು. ಬಿಲ್ಲೆ ಇಲ್ಲದೆ, ಗಲಾಟೆ ಇಲ್ಲದೆ, ಮೇಟ್ರನ್ ಬಾಯಿಯವರು ಬಾಗಿಲಲ್ಲಿ ನಿಂತು ನೋಡಿದರೂ ತಪ್ಪು ಹಿಡಿಯಲಾಗದ ಸಾಲು.

"ಇದು ಯಾವ ಕ್ರಮ?"

"ಅವತ್ತ ಹೇಳಿದ್ನೆಲ್ಲಾ ಸಿಸ್ತಾ. ಬರಬೇಕಾದ ಕ್ರಮ. ದೂರದಿಂದ ನಡದು ಬಂದವರು ಮೊದಲು. ಹತ್ತರದವರು ಹಿಂದ."

ಸಾಲಿನ ತಲೆಯಲ್ಲಿ ನಸುಕಿಗೆ ಮೊದಲೇ ಮನೆ ಬಿಟ್ಟು ಬಂದ ಮುದುಕಿಯೊಬ್ಬಳು ಮೊಮ್ಮಗನನ್ನು ಎತ್ತಿಕೊಂಡು ನಿಂತಿದ್ದಳು. ಸಾಲಿನ ತುದಿಯಲ್ಲಿ, ಹದಿನೇಳನೆಯವಳಾಗಿ, ಸಿಫಾಳನ್ನು ಎತ್ತಿಕೊಂಡು ನೇಮಾ ನಿಂತಿದ್ದಳು.

"ಅವಳನ್ನ ಮುಂದ ಕರೀರಿ," ಎಂದೆ. "ನಾನು ಬಂದದ್ದೇ ಸಿಫಾಗಂತ."

ನೇಮಾ ಕದಲಲಿಲ್ಲ. "ಇದು ನನ್ನ ಅಂಗಳ," ಎಂದಳು. "ಇವತ್ತ ನಾನು ಒಂದು ಹೆಜ್ಜಿನೂ ನಡದಿಲ್ಲ."

"ಪಕ್ಕದ ಕಣಿವ್ಯಾಗ ರೋಗ ಐತಿ, ಗೊತ್ತೈತೇನು ನಿನಗ?"

"ಗೊತ್ತೈತಿ. ಅವರ ಮಕ್ಕಳಿಗೂ ಅದೇ ರೋಗ."

ಅವಳ ಮುಖ ನೋಡಿದೆ. ಸಿಫಾಳನ್ನು ಎತ್ತಿಕೊಂಡಿದ್ದ ಕೈ ಬಿಗಿಯಾಗಿತ್ತು, ಮಾತು ಸಡಿಲವಾಗಿರಲಿಲ್ಲ. ಆ ಮುಖ ನನಗೆ ಪರಿಚಿತ. ಮಾವಿನ ಮರದ ಕೆಳಗೆ, ಒಡೆಯದ ಸೀಸೆಯ ಎದುರು, ನಿಯಮ ಎಲ್ಲರಿಗೂ ಒಂದೇ ಎಂದಾಗ ನನ್ನ ಮುಖವೂ ಹೀಗೇ ಇದ್ದಿರಬೇಕು. ವ್ಯತ್ಯಾಸವೆಂದರೆ ಅವತ್ತು ಕಳೆದುಕೊಳ್ಳುವವಳು ಅವಳು, ಇವತ್ತೂ ಅವಳೇ.

ನಿಯಮ ಇರುವವರ ಹತ್ತಿರ ದಯೆಯ ಮಾತು ನಡೆಯುವುದಿಲ್ಲ, ಇದು ನನ್ನ ಅನುಭವ. ಅವರ ನಿಯಮದ ಒಳಗಿಂದಲೇ ಹೋಗಬೇಕು. ಪೆಟ್ಟಿಗೆಯ ಅಡಿಯಿಂದ ಪುಸ್ತಕ ತೆಗೆದೆ. ನಲವತ್ತೊಂದನೆಯ ಬಿಲ್ಲೆಯ ಸಾಲು ಹುಡುಕಿದೆ, ಅದರ ಮುಂದಿನ ತಿಂಗಳ ಕೊನೆಯ ಸಾಲು ಹುಡುಕಿದೆ. ಎರಡರಲ್ಲೂ ಸಿಫಾಳ ಹೆಸರು, ತೂಕ, ಆಮೇಲೆ ಖಾಲಿ. ನನ್ನ ಸಂಜೆ ತರಗತಿಯ ಸ್ವಾಹಿಲಿಯಲ್ಲಿ, ಎಡವಿದಲ್ಲಿ ಎಲಿಯಾ ತಿದ್ದುತ್ತಿರಲು, ಗಟ್ಟಿಯಾಗಿ ಹೇಳಿದೆ.

"ಇವಳು ಇದೇ ಮದ್ದಿಗಾಗಿ ನನ್ನ ಹತ್ತರ ಎರಡು ಸಲ ಬಂದಾಳ. ಬರಾಕ ಮೂರು ತಾಸು, ಹೋಗಾಕ ಮೂರು ತಾಸು. ಎರಡು ಸಲಕ್ಕೆ ಹನ್ನೆರಡು. ನಾನು ಎರಡೂ ಸಲ ಕೊಡಲಿಲ್ಲ. ಇಲ್ಲಿ ಹನ್ನೆರಡು ತಾಸಿಗಿಂತ ಹೆಚ್ಚು ನಡದು ಬಂದವರು ಯಾರಾದ್ರೂ ಅದೀರೇನು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಸಾಲಿನ ತಲೆಯಲ್ಲಿದ್ದ ಮುದುಕಿ ಮೊಮ್ಮಗನನ್ನು ಇನ್ನೊಂದು ಸೊಂಟಕ್ಕೆ ದಾಟಿಸಿದಳು. ಅವಳಿಗೂ ಯಾವುದೋ ಮೇಟ್ರನ್ ಪಾಠ ಹೇಳಿದ್ದಿರಬೇಕು.

"ಅವತ್ತಿನ ನಡಿಗಿ ಇವತ್ತಿಗೆ ಹೆಂಗ ನಡೀತೈತಿ?" ಎಂದು ಕೇಳಿದಳು.

ಉತ್ತರ ಕೊಟ್ಟವರು ಎಲಿಯಾ. "ಅವತ್ತಿನ ಸೂಜಿ ಇವತ್ತಿಗೂ ಬಾಕಿ ಐತೆಲ್ಲವ್ವಾ. ಸೂಜಿ ಬಾಕಿ ಇರೂತನಕ ನಡಿಗಿ ಮುಗಿದಿಲ್ಲ."

ಮುದುಕಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ತನ್ನ ಮುಂದಿನ ಜಾಗವನ್ನು ಗದ್ದದಿಂದ ತೋರಿಸಿದಳು. "ಬಾ, ದೂರದಾಕಿ," ಎಂದಳು. ಯಾರೋ ನಕ್ಕರು. ನೇಮಾ ತನ್ನ ಅಂಗಳದ ಈ ತುದಿಯಿಂದ ಆ ತುದಿಗೆ, ಬಹಳ ದೂರದಿಂದ ಬಂದವಳ ಹಾಗೆ ನಿಧಾನವಾಗಿ ನಡೆದು ಬಂದಳು.

ಸೀಸೆಗೆ ನೀರು ಬೆರೆಸಿದೆ. ಸಿಫಾ ಸೂಜಿ ಚುಚ್ಚುವವರೆಗೆ ನನ್ನ ಕನ್ನಡಕವನ್ನೇ ನೋಡುತ್ತಿದ್ದಳು, ಚುಚ್ಚಿದ ಮೇಲೆ ಇಡೀ ಕಣಿವೆಗೆ ಕೇಳುವಂತೆ ಅತ್ತಳು. ಖಾಲಿ ಕಾಲಮ್ಮು ತುಂಬಿದೆ. ನನಗಾಗಬೇಕಾದ ಸಮಾಧಾನ ಆಗಲಿಲ್ಲ, ಯಾಕೆಂದರೆ ಸಾಲಿನ ಹತ್ತನೆಯವಳು ಈಗ ಹನ್ನೊಂದನೆಯವಳಾಗಿದ್ದಳು. ಇನ್ನೂ ಹುಡುಗಿಯಂಥ ತಾಯಿ. ತನ್ನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಖಾಲಿಯಾಗುತ್ತಿರುವ ಸೀಸೆಯನ್ನು ನೋಡುತ್ತಾ ಕೂತಿದ್ದಳು. ಹತ್ತನೆಯ ಮಗುವಿಗೆ ಹಾಕಿ ಸೀಸೆಯನ್ನು ಪೆಟ್ಟಿಗೆಗೆ ಹಾಕುವಾಗ ಆ ಹುಡುಗಿಯ ಕಡೆ ನೋಡದಿರಲು ಏನೇನೋ ಜೋಡಿಸುತ್ತಾ ನಿಂತೆ.

ನೇಮಾ ಎದುರಿಗೆ ಬಂದು ನಿಂತಳು. ಧನ್ಯವಾದ ಹೇಳುತ್ತಾಳೆ ಎಂದುಕೊಂಡೆ. ಅವಳು ಆ ಹುಡುಗಿಯನ್ನೂ ಉಳಿದ ಆರು ಜನರನ್ನೂ ಕೈಯಿಂದ ತೋರಿಸಿ ಕೇಳಿದಳು.

"ಸಿಸ್ತಾ, ಇವರಿಗೆ ಯಾವಾಗ ಬರ್ತೀರಿ?"

"ಮುಂದಿನ..." ಎಂದು ಬಾಯಿಗೆ ಬಂದದ್ದನ್ನು ನಿಲ್ಲಿಸಿದೆ. "ಗುರುವಾರ." ನಡುವೆ ಎರಡು ದಿನವಿತ್ತು.

"ಎಷ್ಟು ಗಂಟೆಗೆ?"

ಅವಳು ಕುಹಕಕ್ಕೆ ಕೇಳಿದಳೋ, ನಾನು ಗಂಟೆ ನೋಡುವವಳು ಎಂದು ಗೊತ್ತಿದ್ದು ಮರ್ಯಾದೆಗೆ ಕೇಳಿದಳೋ, ಇವತ್ತಿಗೂ ತಿಳಿಯದು. ಹತ್ತು ಗಂಟೆಗೆ ಎಂದೆ. ಹತ್ತು ಗಂಟೆ ಎಂದು ಅವಳು ಉಳಿದವರಿಗೆ ತಿರುಗಿ ಹೇಳಿದಳು. ಏಳು ಜನರೂ ಅದನ್ನು ಒಬ್ಬರಿಂದ ಒಬ್ಬರು ಕೇಳಿ ಖಚಿತ ಮಾಡಿಕೊಂಡರು.

ಗುರುವಾರ ಎರಡು ಸೀಸೆ ಹಿಡಿದು ನಸುಕಿಗೇ ಹೊರಟೆ. ಅರ್ಧ ದಾರಿಯಲ್ಲಿ ಜೀಪಿನ ಚಕ್ರ ಪಂಕ್ಚರಾಯಿತು. ಬದಲಿ ಚಕ್ರದಲ್ಲೂ ಗಾಳಿ ಇರಲಿಲ್ಲ, ಅದನ್ನು ನಾನೇ ವಾರ ವಾರ ನೋಡುವ ಪಟ್ಟಿಯಲ್ಲಿ ಬರೆದಿದ್ದೆ, ಆ ವಾರ ನೋಡಿರಲಿಲ್ಲ. ದಾರಿಹೋಕರ ಸೈಕಲ್ ಪಂಪಿನಿಂದ ಗಾಳಿ ತುಂಬಿಸಿ, ಹಳ್ಳಿ ಸೇರಿ ಎಲಿಯಾರ ಜೊತೆ ನಡೆಯತೊಡಗುವ ಹೊತ್ತಿಗೆ ಎಂಟು ದಾಟಿತ್ತು. ಹೊಳೆಯಲ್ಲಿ ನೀರು ತೊಡೆಯವರೆಗೆ ಬಂದಿತ್ತು, ಇಳಿಯಲೆಂದು ದಡದ ಮೇಲೆ ಕೂತು ಕಾದೆವು. ಎಲಿಯಾ ಆ ಹೊತ್ತಿನಲ್ಲಿ ನನ್ನ ಕ್ಷೇಮಸಮಾಚಾರವನ್ನೆಲ್ಲ ಕ್ರಮವಾಗಿ ವಿಚಾರಿಸಿದರು. ನಾನೂ ಅವರದ್ದನ್ನು ವಿಚಾರಿಸಿದೆ. ಅವರಿಗೆ ಒಂಬತ್ತು ಮೊಮ್ಮಕ್ಕಳೆಂದು ನನಗೆ ತಿಳಿದದ್ದು ಅಲ್ಲಿ.

ನೇಮಾಳ ಅಂಗಳಕ್ಕೆ ಕಾಲಿಟ್ಟಾಗ ಒಂದು ಗಂಟೆ ಐದು ನಿಮಿಷ. ಏಳು ತಾಯಂದಿರೂ ಮಕ್ಕಳ ಸಮೇತ ಕೂತಿದ್ದರು. ಬೆಳಗಿನಿಂದ ಕೂತಿದ್ದರು ಎಂಬುದು ನೆರಳು ಸರಿದಂತೆ ಅವರೂ ಸರಿಸಿಕೊಂಡು ಬಂದ ಚಾಪೆಗಳಿಂದ ತಿಳಿಯುತ್ತಿತ್ತು. ಆ ಹುಡುಗಿಯ ಮಗು ಅವಳ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಮೈಮೇಲೆ ಗುಳ್ಳೆ ಇಲ್ಲ, ಜ್ವರ ಇಲ್ಲ. ನಾನು ಮೊದಲು ಮುಟ್ಟಿ ನೋಡಿದ್ದು ಅದನ್ನೇ. ತಡವಾದದ್ದಕ್ಕೆ ಕಾರಣ ಹೇಳಲು ಸ್ವಾಹಿಲಿಯಲ್ಲಿ ಪಂಕ್ಚರಿಗೆ ಪದ ಹುಡುಕುತ್ತಾ ನಿಂತೆ. ಅವರು ಕಾರಣ ಕೇಳಲಿಲ್ಲ. ಎಲ್ಲರೂ ಎದ್ದು, ಒಬ್ಬೊಬ್ಬರಾಗಿ, ಪೋಲೆ ಎಂದರು. ನೇಮಾ ನೀರು ತಂದಳು. ಮುಂದಿನ ತಿಂಗಳು ಬಾ ಎಂದು ನನಗೆ ಯಾರೂ ಹೇಳಲಿಲ್ಲ.